ಅಂಗಳದವರು ಉಂಡ ಮೇಲೆ

ಹೊಳೆಮಠದ ಅಜ್ಜಾರು ಎಲ್ಲರೂ ಉಂಡ ಮೇಲೆ ಉಣ್ಣುವವರು.

ಮಠಕ್ಕೆ ಬಂದ ಭಕ್ತರು ಉಣ್ಣಬೇಕು, ಅಡುಗೆಯವರು ಉಣ್ಣಬೇಕು, ದನಕ್ಕೆ ಮೇವು ಬೀಳಬೇಕು, ಬಾಗಿಲಲ್ಲಿ ಮಲಗಿದ ನಾಯಿಗೂ ಒಂದು ತುತ್ತು ಹೋಗಬೇಕು. ಆಮೇಲೆ ಅವರ ಎಲೆ. ಗುರುಗಳು ಮೊದಲು ಪ್ರಸಾದ ಮಾಡಬೇಕು, ಅದೇ ಪದ್ಧತಿ ಅಂತ ಯಾರಾದರೂ ಹೇಳಿದರೆ, "ಹಂಗಾರ ನೀವ ಗುರುಗಳಾಗ್ರಿ, ಮೊದಲ ಉಣ್ರಿ" ಅನ್ನುತ್ತಿದ್ದರು.

ಅವರ ಶಿಷ್ಯರಲ್ಲಿ ಒಬ್ಬ ಅಡಿವೆಪ್ಪ. ಪಟ್ಟಣದಲ್ಲಿ ಮನೆ, ಮನೆ ಮುಂದೆ ಲಾನು. ಹೆಸರಿನಲ್ಲಿ ಅಡವಿ ಇತ್ತು, ಅಂಗಳ ಮಾತ್ರ ಆಗಷ್ಟೇ ಕ್ಷೌರ ಮಾಡಿಸಿಕೊಂಡು ಬಂದ ತಲೆಯ ಹಾಗಿತ್ತು.

ಆ ಲಾನನ್ನು ಅವನು ಸುಮ್ಮನೆ ಹಾಕಿಸಿದ್ದಲ್ಲ. ಹೆಂಡತಿ ಸಂಗವ್ವ ಹಾಸಿಗೆ ಹಿಡಿದಿದ್ದಳು, ಕಾಲು ಸ್ವಾಧೀನ ತಪ್ಪಿತ್ತು. ಅವಳ ಮಂಚವನ್ನು ಕಿಟಕಿಗೆ ಹತ್ತಿಸಿ ಹಾಕಿ, ಮಲಗಿದವಳ ಕಣ್ಣಿಗೆ ಹಸಿರು ಕಾಣಲಿ ಅಂತ ಹಾಕಿಸಿದ. ದಿನಾ ನೀರು ಬಿಟ್ಟ. ವಾರವಾರ ಕತ್ತರಿಸಿದ. ಬೇರೆ ಏನು ಮೊಳೆತರೂ ಕಿತ್ತ, ಹುಳ ಬೀಳದಂತೆ ಔಷಧ ಹೊಡೆದ. ಹೊಡೆದದ್ದೂ ಪ್ರೀತಿಯಿಂದಲೇ, ಅದರಲ್ಲಿ ಅನುಮಾನವಿಲ್ಲ.

ಡಾಕ್ಟರ ಗುಳಿಗೆ ಅರ್ಧ, ಅಜ್ಜಾರ ಮಾತು ಅರ್ಧ, ಸಂಗವ್ವ ಎದ್ದಳು. ಮೊದಲು ಗೋಡೆ ಹಿಡಿದು ನಡೆದಳು, ಆಮೇಲೆ ಗೋಡೆ ಬಿಟ್ಟು ನಡೆದಳು.

ಅವಳು ಹೊತ್ತ ಹರಕೆ ಒಂದೇ ಇತ್ತು: ನಾನು ಎದ್ದರೆ ನನ್ನ ಕೈಯಾರೆ ಅಡುಗೆ ಮಾಡಿ ಅಜ್ಜಾರಿಗೆ ಬಡಿಸುತ್ತೇನೆ. ಗುರುವನ್ನು ಮನೆಗೆ ಕರೆದು ಉಣಿಸುವುದಕ್ಕೆ ನಮ್ಮ ಕಡೆ ಬಿನ್ನಹ ಅಂತಾರೆ. ಗಂಡ ಹೆಂಡತಿ ಇಬ್ಬರೂ ಮಠಕ್ಕೆ ಹೋಗಿ ಕರೆದರು. ಅಜ್ಜಾರು ಬರುತ್ತೇನೆ ಅಂದರು, ಬಂದರು.

ಅಡಿವೆಪ್ಪ ಅಜ್ಜಾರ ರೂಢಿ ಬಲ್ಲವನು. ಓಣಿಯವರಿಗೆಲ್ಲ ಮೊದಲೇ ಉಣಿಸಿದ್ದ. ಕೆಲಸದಾಕೆಗೆ ಉಣಿಸಿದ್ದ. ಅಜ್ಜಾರನ್ನು ಕೂರಿಸಿಕೊಂಡು ಬಂದ ಆಟೋದವನನ್ನೂ ಬಿಡದೆ ಕೂರಿಸಿ ಬಡಿಸಿದ್ದ.

ಅಜ್ಜಾರು ಮಣೆಯ ಮೇಲೆ ಕುಳಿತರು. ಮುಂದೆ ಎಲೆ ಹಾಕಿತ್ತು. ಸಂಗವ್ವ ಹೋಳಿಗೆಯ ತಾಟು ಹಿಡಿದು ನಿಂತಳು.

"ಎಲ್ಲಾರೂ ಉಂಡಾರೇನೋ ಅಡಿವೆಪ್ಪಾ?"

"ಉಂಡಾರ್ರಿ ಅಜ್ಜಾರ. ಆಟೋದಾವನೂ ಉಂಡಾನ."

ಅಜ್ಜಾರು ಕಿಟಕಿಯಿಂದ ಹೊರಗೆ ನೋಡಿದರು.

"ಅಂಗಳದಾಗಿನವರು?"

ಅಡಿವೆಪ್ಪನೂ ಬಗ್ಗಿ ನೋಡಿದ. "ಅಲ್ಲಿ ಯಾರೂ ಇಲ್ರಿ."

"ಅದನ್ನ ನಾ ಕೇಳಾಕತ್ತೀನಿ. ಯಾಕ ಇಲ್ಲ?"

ಅಡಿವೆಪ್ಪ ಮತ್ತೊಮ್ಮೆ ಬಗ್ಗಿ ನೋಡಿದ. ಲಾನಿನ ಮೇಲೆ ಯಾರು ಇರಬೇಕಿತ್ತು?

ಅಜ್ಜಾರು ಎಲೆಗೆ ಕೈಮುಗಿದು ಎದ್ದುಬಿಟ್ಟರು. ಸಂಗವ್ವನ ಕಣ್ಣಲ್ಲಿ ನೀರು ಬಂತು.

"ಅಳಬ್ಯಾಡವಾ," ಅಂದರು ಅಜ್ಜಾರು. "ನಿನ್ನ ಕೈ ಅಡಗಿ ನಾ ಉಣ್ಣಾವನ. ಈಗ ಒಂದ ಗ್ಲಾಸ ನೀರ ಕೊಡು. ಅವರು ಉಣ್ಣಲಿ, ಬರತೀನಿ."

ನೀರು ಕುಡಿದು ಹೋದರು. ಮಾಡಿದ ಅಡುಗೆಯೆಲ್ಲ ಅದೇ ಆಟೋದಲ್ಲಿ ಮಠಕ್ಕೆ ಹೋಯಿತು. ಅಲ್ಲಿ ಎಲ್ಲರೂ ಹೋಳಿಗೆ ಉಂಡರು. ಅಜ್ಜಾರು ಮಾತ್ರ ಅವತ್ತು ಮಠದ ಅಂಬಲಿ ಕುಡಿದು ಮಲಗಿದರಂತೆ.

ಅಡಿವೆಪ್ಪ ತಲೆ ಕೆಡಿಸಿಕೊಂಡ. ಅಂಗಳದವರು ಅಂದರೆ ಹಕ್ಕಿಪಕ್ಕಿ ಇರಬೇಕು ಅಂತ ಲಾನಿನ ತುಂಬ ಜೋಳ ಚೆಲ್ಲಿದ. ಬಸ್‌ಸ್ಟ್ಯಾಂಡಿನ ಪಾರಿವಾಳಗಳೆಲ್ಲ ಬಂದವು, ತಿಂದವು, ಹೇಸಿಗೆ ಮಾಡಿದವು, ಹೋದವು.

ಪಾತರಗಿತ್ತಿಗೆ ಏನು ಬಡಿಸಬೇಕು? ಗೊತ್ತಾಗದೆ ತಾಟಿನಲ್ಲಿ ಸಕ್ಕರೆ ನೀರು ಇಟ್ಟ. ಪಾತರಗಿತ್ತಿ ಬರಲಿಲ್ಲ, ಇರುವೆ ಬಂದವು. ಲಾನಿಗೆ ಇರುವೆ ಹತ್ತಿದರೆ ಹೇಗೆ? ಇರುವೆ ಪುಡಿ ಉದುರಿಸಿದ. ಆಮೇಲೆ ಮಠಕ್ಕೆ ಹೋದ.

"ಅಜ್ಜಾರ, ಅಂಗಳದವರಿಗೆಲ್ಲಾ ಉಣಿಸೇನ್ರಿ. ಬರ್ರಿ."

"ಯಾರ್ ಯಾರ ಬಂದಿದ್ರು?"

"ಪಾರಿವಾಳ ಬಂದಿದ್ವು. ಇರುವಿ ಬಂದಿದ್ವು."

"ಇರುವಿಗೆ ಏನ ಬಡಿಸಿದಿ?"

"ಸಕ್ಕರಿ ನೀರು."

"ಅದರ ಮ್ಯಾಲೆ?"

ಅಡಿವೆಪ್ಪ ಸುಳ್ಳು ಹೇಳುವವನಲ್ಲ. ತಲೆ ತಗ್ಗಿಸಿ ಹೇಳಿದ. "ಪುಡಿ."

ಅಜ್ಜಾರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅಡಿವೆಪ್ಪನಿಗೆ.

"ಊಟಕ್ಕ ಕರದು ಹಿಂಗ ಮಾಡಬಾರದಪಾ," ಅಂದರು ಮೆಲ್ಲಗೆ.

"ತಪ್ಪಾತ್ರಿ. ಮತ್ತ ಹ್ಯಾಂಗ ಬಡಸಬೇಕು, ನೀವ ಹೇಳ್ರಿ."

ಅಜ್ಜಾರು ಅವನನ್ನು ಮಠದ ಹಿಂದೆ ಹೊಳೆ ದಂಡೆಗೆ ಕರೆದುಕೊಂಡು ಹೋದರು. ಅಲ್ಲಿ ಮೊಣಕಾಲುದ್ದ ಹುಲ್ಲು ಬೆಳೆದಿತ್ತು. ಯಾರೂ ಬಿತ್ತಿದ್ದಲ್ಲ, ಯಾರೂ ನೀರು ಹಾಯಿಸಿದ್ದಲ್ಲ.

"ಇಲ್ಲಿ ಕುಂದ್ರು. ಯಾರ ಬಡಸತಾರ ನೋಡು. ನೋಡಿ ಬಂದ ಹೇಳು."

ಅಡಿವೆಪ್ಪ ಕುಳಿತ. ಮೊದಮೊದಲು ಹುಲ್ಲು ಬಿಟ್ಟರೆ ಏನೂ ಕಾಣಲಿಲ್ಲ. ಇಷ್ಟು ದೂರ ಬಂದು ಹುಲ್ಲು ನೋಡುವುದೇ ಅಂತ ಬೇಜಾರೂ ಆಯಿತು.

ಆಮೇಲೆ ಬಿಳಿ ತುಂಬೆ ಹೂವಿನಲ್ಲಿ ಒಂದು ಜೇನು ಕಂಡಿತು. ಅದರ ಹಿಂದೆ ಇನ್ನಷ್ಟು. ಒಂದು ಗುಬ್ಬಿ ತೆನೆಬಿಟ್ಟ ಹುಲ್ಲಿನ ಕಡ್ಡಿ ಹಿಡಿಯಿತು, ಕಡ್ಡಿ ಬಾಗಿ ನೆಲಕ್ಕೆ ಬಂತು, ಗುಬ್ಬಿ ಅದನ್ನು ಕಾಲಲ್ಲಿ ಒತ್ತಿಕೊಂಡು ಒಂದೊಂದೇ ಕಾಳು ಬಿಡಿಸಿ ತಿಂದಿತು. ಮಿಡತೆ ಎಲೆ ಕಡಿಯುತ್ತಿತ್ತು. ಮಿಡತೆಯ ಮೇಲೆ ಕಣ್ಣಿಟ್ಟು ಓತಿಕ್ಯಾತ ಕಾಯುತ್ತಿತ್ತು. ಮುದುಕಿಯೊಬ್ಬಳು ಬಂದು ಹಕ್ಕರಕಿ ಸೊಪ್ಪು ಕಿತ್ತು ಉಡಿಯಲ್ಲಿ ತುಂಬಿಕೊಂಡು ಹೋದಳು. ಅವಳ ಕರು ಹಿಂದೆಯೇ ಬಾಯಾಡಿಸುತ್ತ ಹೋಯಿತು.

ಹೊತ್ತು ನೆತ್ತಿಗೆ ಬಂದಾಗ ಅಡಿವೆಪ್ಪ ಎದ್ದು ಬಂದ.

"ಯಾರ ಬಡಿಸಿದ್ರು?"

"ಯಾರೂ ಬಡಸಲಿಲ್ರಿ."

"ಉಂಡ್ರೇನು?"

"ಎಲ್ಲಾರೂ ಉಂಡ್ರು."

"ನಿನಗ ಹಸವಾಗಿಲ್ಲೇನು?"

"ಆಗೈತ್ರಿ."

"ಹೋಗು, ಉಣ್ಣು. ನೀ ಉಣ್ಣೂತನಾ ನಾ ಕಾಯಬೇಕು."

ಮನೆಗೆ ಬಂದ ಅಡಿವೆಪ್ಪ ಲಾನಿನ ಅಂಚಿನಲ್ಲಿ ಬಹಳ ಹೊತ್ತು ನಿಂತ. ಅದನ್ನು ತೆಗೆಯಬೇಕು ಅಂತ ಗೊತ್ತಾಗಿತ್ತು. ತೆಗೆಯಲು ಮನಸ್ಸು ಬರುತ್ತಿರಲಿಲ್ಲ. ಸಂಗವ್ವ ಬಂದು ಪಕ್ಕದಲ್ಲಿ ನಿಂತಳು.

"ಇದನ್ನ ತಗದ್ರ ನಿನಗ ಬ್ಯಾಸರಾಕ್ಕೈತೇನು?" ಅಂತ ಕೇಳಿದ. "ನಿನಗಂತ ಹಾಕಿಸಿದ್ದು."

ಸಂಗವ್ವ ಬಗ್ಗಿ ಲಾನಿನ ಮೇಲೆ ಕೈಯಾಡಿಸಿದಳು.

"ಒಂದ ಮಾತ ಹೇಳಲೇನ್ರಿ? ಸಿಟ್ಟಾಗಬ್ಯಾಡ್ರಿ."

"ಹೇಳು."

"ಮಲಕೊಂಡಾಗ ದಿನಾ ನೋಡತಿದ್ದೆ. ಹಸರ ಇತ್ತು. ಆದ್ರ ನಿನ್ನೆ ಹ್ಯಾಂಗಿತ್ತೋ ಇವತ್ತೂ ಹಂಗ, ಇವತ್ತ ಹ್ಯಾಂಗಿತ್ತೋ ನಾಳೆನೂ ಹಂಗ. ಏನೂ ಬರತಿರಲಿಲ್ಲ, ಏನೂ ಹೋಗತಿರಲಿಲ್ಲ. ಒಂದ ಗುಬ್ಬಿ ಬಂದು ಕುಂತಿದ್ರ ಇವತ್ತ ಒಂದ ದಿನಾ ಆತು ಅನಸ್ತಿತ್ತು."

"ಮತ್ತ ಚಲೋ ಐತಿ ಅಂತಿದ್ಯಲ್ಲ?"

"ನೀವು ಬಿಸಲಾಗ ನಿಂತು ನೀರ ಹಾಕತಿದ್ರಿ. ಅದು ಕಾಣತಿತ್ತು ಕಿಡಕ್ಯಾಗ. ಅದಕ್ಕ ಚಲೋ ಐತಿ ಅಂತಿದ್ದೆ."

ಅಡಿವೆಪ್ಪ ಅತ್ತುಬಿಟ್ಟ. ಇಷ್ಟು ದಿನ ತಾನು ಅವಳನ್ನು ನೋಡಿಕೊಂಡೆ ಅಂದುಕೊಂಡಿದ್ದ. ಅವಳೂ ಮಲಗಿದಲ್ಲಿಂದಲೇ ತನ್ನನ್ನು ನೋಡಿಕೊಂಡಿದ್ದಾಳೆ ಅಂತ ಈಗ ತಿಳಿಯಿತು.

ಮರುದಿನ ಗುದ್ದಲಿ ತಂದ. ಮೊದಲ ಏಟು ಹಾಕುವ ಮುಂಚೆ ಲಾನಿಗೆ ಕೈಮುಗಿದ. ಅವಳ ಕಷ್ಟದ ದಿನಗಳಿಗೆ ಅದೂ ತನ್ನ ಕೈಲಾದಷ್ಟು ಹಸಿರು ಕೊಟ್ಟಿತ್ತು. ಆಮೇಲೆ ಹೆಂಟೆ ಹೆಂಟೆಯಾಗಿ ಎಬ್ಬಿಸಿ, ಬೇರು ಮೇಲೆ ಮಾಡಿ ಬಿಸಿಲಿಗೆ ಬೋರಲು ಹಾಕಿದ. ಔಷಧದ ಡಬ್ಬಿಗಳನ್ನು ಅಂಗಡಿಯವನಿಗೆ ತಿರುಗಿ ಕೊಟ್ಟ. ಬೇಸಿಗೆ ಪೂರ್ತಿ ನೆಲ ಒಣಗಿತು.

ಮುಂಗಾರಿನ ಮಿರಗದ ಮಳೆ ಹತ್ತಿರ ಬಂದಾಗ ಮತ್ತೆ ಮಠಕ್ಕೆ ಹೋದ.

"ನೆಲಾ ಹದಾ ಮಾಡೇನ್ರಿ ಅಜ್ಜಾರ. ಹೊಳಿದಂಡಿ ಬೀಜಾ ಕೊಡ್ರಿ."

ಅಜ್ಜಾರು ಒಂದು ಕಸಬರಿಗೆ ತೆಗೆದುಕೊಂಡರು. ಹೊಳೆದಂಡೆಯ ಹುಲ್ಲು ಕೊಯ್ದು ಒಟ್ಟಿದ ಬಣವೆ ಮಠದ ಹಿತ್ತಲಲ್ಲಿತ್ತು. ಅದರ ಬುಡದಲ್ಲಿ ಉದುರಿದ್ದನ್ನೆಲ್ಲ ತಾವೇ ಬಗ್ಗಿ ಗುಡಿಸಿದರು. ಧೂಳು, ಹೊಟ್ಟು, ಮುರಿದ ಕಡ್ಡಿ, ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಕಾಳು. ಎಲ್ಲ ಒಂದು ಚೀಲಕ್ಕೆ ತುಂಬಿ ಅಡಿವೆಪ್ಪನ ಮುಂದೆ ಇಟ್ಟರು.

ಅಡಿವೆಪ್ಪ ಚೀಲದೊಳಗೆ ಕೈ ಹಾಕಿ ನೋಡಿದ. "ಇದು ಕಸಾ ಅಲ್ರಿ ಅಜ್ಜಾರ?"

ನಮ್ಮ ಕಡೆ ಗುಡಿಸಿ ಚೆಲ್ಲುವುದೂ ಕಸವೇ, ಹೊಲದಲ್ಲಿ ಕಿತ್ತು ಒಗೆಯುವುದೂ ಕಸವೇ. ಅವನು ಯಾವುದನ್ನು ಕೇಳಿದನೋ ಅವನಿಗೂ ಗೊತ್ತಿರಲಿಲ್ಲ.

"ಹೌದು, ಕಸಾನ," ಅಂದರು ಅಜ್ಜಾರು. "ಇಷ್ಟ ದಿನಾ ಕಿತ್ತ ಒಗದ್ಯಲ್ಲ, ಅದ ಕಸಾ. ಎರಡೂ ಕೈಲೆ ತಗೋ."

ಅಡಿವೆಪ್ಪ ಎರಡೂ ಕೈಯಿಂದ ತೆಗೆದುಕೊಂಡ. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕುಳಿತ.

"ಏನ್ರಿ ಅದು?" ಅಂದ ಕಂಡಕ್ಟರ್.

"ಹೊಳಿಮಠದ ಪ್ರಸಾದ."

"ಅಜ್ಜಾರು ಕೊಟ್ಟಿದ್ದೇನ್ರಿ? ನಮಗೂ ಚೂರ ಹಾಕ್ರಿ." ಕಂಡಕ್ಟರ್ ಕೈಯೊಡ್ಡಿದ.

ಅಡಿವೆಪ್ಪ ಒಂದು ಹಿಡಿ ಹಾಕಿದ. ಕಂಡಕ್ಟರ್ ಕೈ ನೋಡಿಕೊಂಡ, ಅಡಿವೆಪ್ಪನ ಮುಖ ನೋಡಿದ, ಕಣ್ಣಿಗೆ ಒತ್ತಿಕೊಂಡು ಕಿಸೆಗೆ ಹಾಕಿಕೊಂಡ.

ಮಳೆ ಬಿತ್ತು. ಮೊದಲು ಬರೀ ಕೆಸರು. ಆಮೇಲೆ ಅಲ್ಲೊಂದು ಇಲ್ಲೊಂದು ಮೊಳಕೆ. ಕರಿಕೆ ಹಬ್ಬಿತು, ತುಂಬೆ ಎದ್ದಿತು, ಹಕ್ಕರಕಿ ನೆಲಕ್ಕೆ ಅಂಟಿಕೊಂಡು ಹರಡಿತು. ಹೆಸರು ಗೊತ್ತಿಲ್ಲದ ಹಳದಿ ಹೂ, ನೀಲಿ ಹೂ. ತೆನೆಹುಲ್ಲು ಸೊಂಟದವರೆಗೆ ಬಂತು.

ನೆರೆಮನೆಯ ಮಲ್ಲನಗೌಡರು ಬೇಲಿಯಾಚೆ ನಿಂತು ನೋಡಿದರು. "ಅಂತೂ ಹೆಸರ ಉಳಿಸಿಕೊಂಡಿ ಬಿಡು ಅಡಿವೆಪ್ಪಾ. ನಾಳೆ ಇದರಾಗ ಹಾವ ಬಂದು ನಮ್ಮ ಮನಿಗೆ ನುಗ್ಗಿದ್ರ ಯಾರನ್ನ ಕೇಳೂದು?"

ಮಾತಿನಲ್ಲಿ ಕುಹಕ ಇತ್ತು, ಆದರೆ ಹೆದರಿಕೆಯೂ ನಿಜವೇ. ಅಡಿವೆಪ್ಪ ಮಠಕ್ಕೆ ಓಡಿದ.

"ಅಜ್ಜಾರ, ಹಾವು ಬರತಾವ ಅಂತಾರ್ರಿ."

"ಪಂಕ್ತಿ ಅಂದ ಮ್ಯಾಲೆ ಬಡಸಾವರು ಅಡ್ಡಾಡಾಕ ದಾರಿ ಬ್ಯಾಡೇನು? ನಡುವ ಅಗಲಾಗಿ ಒಂದ ದಾರಿ ಕೊಯ್ದ ಇಡು. ಗ್ವಾಡಿ ಬುಡಾ, ಬೇಲಿ ಬುಡಾ ಬೋಳಾಗಿರಲಿ. ಕಾಣೂಹಂಗ ಇದ್ರ ಯಾರೂ ಯಾರನ್ನೂ ತುಳ್ಯಾಂಗಿಲ್ಲ."

"ಪಾರ್ಥೇನಿಯಂ ಸೈತ ಎದ್ದೈತ್ರಿ. ಅದಕ್ಕೂ ಎಲಿ ಹಾಕಬೇಕೇನ್ರಿ?"

"ಅದು ತನ್ನ ಎಲಿ ಉಂಡು ಸುಮ್ಮನಿರಾಂಗಿಲ್ಲ, ಮಗ್ಗಲದಾವರ ಎಲಿಗೂ ಕೈ ಹಾಕತೈತಿ. ಹೂ ಬಿಡೂದರಾಗ ಬೇರಸಮೇತ ಕೀಳು."

"ಉಳದದ್ದನ್ನ ಯಾವಾಗ ಕೊಯ್ಯಲ್ರಿ? ಬೆಳದ ನಿಂತೈತಿ."

"ಉಂಡ ಎಲಿ ಯಾವಾಗ ತಗೀತಿ?"

"ಎಲ್ಲಾರೂ ಉಂಡ ಎದ್ದ ಮ್ಯಾಲೆ."

"ಮತ್ತ ಕೇಳತಿ."

ಈಗ ಬರ್ರಿ ಅನ್ನುವ ಮಾತು ಅಡಿವೆಪ್ಪನ ಬಾಯಿಯವರೆಗೆ ಬಂತು, ಹೊರಗೆ ಬರಲಿಲ್ಲ. ಹಿಂದೆ ಕರೆದಾಗಲೆಲ್ಲ ತಪ್ಪಾಗಿತ್ತು. ಎಲ್ಲರೂ ಉಂಡರು ಅಂತ ಯಾವ ಬಾಯಿಂದ ಹೇಳಲಿ? ಆ ಹುಲ್ಲಿನೊಳಗೆ ಯಾರ್ಯಾರು ಬರುತ್ತಾರೆ, ಯಾರ್ಯಾರು ಹೋಗುತ್ತಾರೆ, ಅವನಿಗೇ ಗೊತ್ತಿರಲಿಲ್ಲ. ಕೈಮುಗಿದು ಹಾಗೇ ಬಂದ.

"ಕರದ್ರೇನ್ರಿ?" ಅಂದಳು ಸಂಗವ್ವ.

"ಇಲ್ಲ."

"ಹರಕಿ ಹಂಗ ಉಳೀತಲ್ರಿ." ಅವಳು ಕಾಲು ನೀವಿಕೊಂಡಳು. ಅವತ್ತು ಮೋಡ ಇತ್ತು, ಮೋಡ ಆದರೆ ಅವಳ ಮೊಣಕಾಲು ಹಿಡಿಯುತ್ತಿತ್ತು. "ಮತ್ತ ಕಾಲ ಬಿದ್ದುಹೋದ್ರ? ನಿಂತು ಬಡಸೂದು ಹ್ಯಾಂಗ?"

ಆ ಹೆದರಿಕೆ ಅಡಿವೆಪ್ಪನಿಗೂ ಇತ್ತು. ದಾರಿ ಕೊಯ್ದ, ಪಾರ್ಥೇನಿಯಂ ಕಿತ್ತ. ಮಲ್ಲನಗೌಡರು ದಾರಿಯ ಉದ್ದಕ್ಕೂ ಒಮ್ಮೆ ಕೋಲು ಬಡಿಯುತ್ತ ನಡೆದು ನೋಡಿ, ಕೋಲು ಹೆಗಲಿಗೆ ಹಾಕಿಕೊಂಡು ಹೋದರು.

ಅಂಗಳ ಮಾತ್ರ ಯಾರ ಹರಕೆಯನ್ನೂ ಕಾಯದೆ ತನ್ನ ಪಾಡಿಗೆ ಬೆಳೆಯಿತು. ಸಂಗವ್ವ ಮಂಚವನ್ನು ಬೇರೆ ಕೋಣೆಗೆ ಹಾಕಿಸಿದ್ದಳು. ಆ ಕಿಟಕಿಗೆ ಈಗ ಒಂದು ಕುರ್ಚಿ. ಸಂಜೆ ಗಂಡ ಕೈಕಾಲು ತೊಳೆದು ಕೂರುವುದೇ ತಡ, ಸುದ್ದಿ ಸುರು.

"ಇವತ್ತ ಏನಾತು ಗೊತ್ತೇನ್ರಿ? ಎರಡ ಗುಬ್ಬಿ ಒಂದ ಕಡ್ಡಿಗೆ ಜಗಳಾಡಿದ್ವು. ಕಡ್ಡಿ ಮುರೀತು. ಎರಡೂ ಸುಮ್ಮನ ಹೋದ್ವು."

ಇನ್ನೊಂದು ದಿನ ಮುಂಗುಸಿ ಬಂದದ್ದು. ಮತ್ತೊಂದು ದಿನ ಬಿಳಿ ಪಾತರಗಿತ್ತಿ. ಹೇಳುತ್ತ ಹೇಳುತ್ತ ಅವಳೇ ನಗುತ್ತಿದ್ದಳು.

ಅಡಿವೆಪ್ಪನ ಎದೆ ತುಂಬಿ ಬರುತ್ತಿತ್ತು. ಅವಳು ಬದುಕಿದ್ದಕ್ಕೆ ಹಿಂದೆಯೇ ದೇವರಿಗೆ ಕೈಮುಗಿದಿದ್ದ. ಅವಳು ಮತ್ತೆ ಹರಟೆ ಹೊಡೆಯುತ್ತಿದ್ದಾಳಲ್ಲ, ಇದಕ್ಕೆ ಯಾರಿಗೆ ಕೈಮುಗಿಯಬೇಕು ತಿಳಿಯದೆ ಹೊರಗೆ ಹೋಗಿ ತುಂಬೆ ಗಿಡಕ್ಕೆ ಮುಗಿದ. ಬೇಲಿಯಾಚೆಯಿಂದ ಮಲ್ಲನಗೌಡರು ನೋಡುತ್ತಿದ್ದರು. ನೋಡಲಿ ಬಿಡು ಅನ್ನಿಸಿತು.

ಮಳೆಗಾಲ ಮುಗಿಯುತ್ತ ಬಂದಿತ್ತು. ಅದೊಂದು ಮಾಮೂಲಿ ಮಧ್ಯಾಹ್ನ. ಸಂಗವ್ವ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅಡಿವೆಪ್ಪ ಒಳಗೆ ಕೈ ತೊಳೆಯುತ್ತಿದ್ದ. ಗೇಟು ಸದ್ದಾಯಿತು.

ಅಜ್ಜಾರು ಒಬ್ಬರೇ ಬಂದಿದ್ದರು, ನಡೆದುಕೊಂಡು. ಹುಲ್ಲಿನ ನಡುವಿನ ದಾರಿಯಲ್ಲಿ ನಿಂತಿದ್ದರು. ಅವರ ಕಾವಿ ಶಾಲಿನ ಮೇಲೆ ಒಂದು ಜೇನು ಕುಳಿತಿತ್ತು. ಅದು ಏಳುವ ತನಕ ಅಲ್ಲಾಡದೆ ನಿಂತು, ಆಮೇಲೆ ಮುಂದೆ ಬಂದರು.

ಅಡಿವೆಪ್ಪ ಹಸಿ ಕೈಯಲ್ಲೇ ಓಡಿಬಂದು ಕಾಲಿಗೆ ಬಿದ್ದ.

"ಅಜ್ಜಾರ, ಹೇಳಿ ಕಳಿಸಿದ್ರ ಗಾಡಿ ತರತಿದ್ದೆ. ಇವತ್ತ ಏನೂ ಮಾಡಿಲ್ರಿ. ನಾವು ಕರೀಲೂ ಇಲ್ಲ."

ಅಜ್ಜಾರು ಅಂಗಳದ ಕಡೆ ಕೈ ಮಾಡಿದರು. "ಇವರನ್ನೆಲ್ಲಾ ನೀ ಕರದಿದ್ದೇನು?"

"ಇಲ್ರಿ."

"ಬಂದು ಉಣ್ಣಾಕತ್ತಾರ. ನಾ ಒಬ್ಬಾಂವ ಕರೀಲಿ ಅಂತ ಕುಂದ್ರಲೇನು?"

ಅಡಿವೆಪ್ಪನಿಗೆ ಖುಷಿ ತಡೆಯಲಾಗಲಿಲ್ಲ. ಆದರೂ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಎಲ್ಲಾರೂ ಉಂಡಾರೋ ಇಲ್ಲೋ ನನಗ ಗೊತ್ತಿಲ್ರಿ ಅಜ್ಜಾರ."

"ಹೋದ ಸಲ ಗೊತ್ತಿತ್ತು," ಅಂದರು ಅಜ್ಜಾರು. "ಅದಕ್ಕ ಎದ್ದ ಹೋದೆ. ನಡಿ, ಹಸವಾಗೈತಿ."

ಒಲೆ ಎದುರಿಗೇ ಚಾಪೆ ಹಾಸಿ ಕುಳಿತರು. ಸಂಗವ್ವನಿಗೆ ಏನು ಮಾಡಬೇಕು ತೋಚಲಿಲ್ಲ. ಹೋಳಿಗೆ ಇಲ್ಲ, ಪಾಯಸ ಇಲ್ಲ. ಬಿಸಿ ರೊಟ್ಟಿ, ಹಿಂಡಿ ಅನ್ನುವ ಶೇಂಗಾ ಚಟ್ನಿಪುಡಿ, ಮೊಸರು, ಬೆಳಿಗ್ಗೆ ಅಂಗಳದಲ್ಲಿ ಕಿತ್ತ ಹಕ್ಕರಕಿ. ಅಷ್ಟನ್ನೇ ತಾಟಿಗೆ ಹಾಕಿದಳು. ಎದ್ದು ನಿಂತು, ಯಾವ ಗೋಡೆಯನ್ನೂ ಹಿಡಿಯದೆ, ತನ್ನ ಕೈಯಾರೆ ಬಡಿಸಿದಳು.

ಅಜ್ಜಾರು ರೊಟ್ಟಿ ಮುರಿದರು. ಹಕ್ಕರಕಿ ಎಲೆ ಮಡಿಸಿ ಹಿಂಡಿಯಲ್ಲಿ ಅದ್ದಿ ಬಾಯಿಗೆ ಇಟ್ಟುಕೊಂಡರು. ನಿಧಾನ ಅಗಿದರು. ಮತ್ತೆ ಮುರಿದರು.

ಗಂಡ ಹೆಂಡತಿ ಇಬ್ಬರೂ ನೋಡುತ್ತ ನಿಂತರು. ಸಂಗವ್ವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಅವಳು ಒರೆಸಿಕೊಳ್ಳಲೂ ಇಲ್ಲ. ಅಡಿವೆಪ್ಪ ಎರಡೂ ಕೈ ಜೋಡಿಸಿದ.

"ಅಜ್ಜಾರ, ಆಕಿ ಹರಕಿ ಇವತ್ತ ತೀರಿತ್ರಿ."

ಅಜ್ಜಾರು ತಾಟಿನಿಂದ ತಲೆ ಎತ್ತಲಿಲ್ಲ.

"ತೀರಿದ್ರ ನಾ ಏಳಬೇಕಾಕ್ಕೈತಲ್ಲೋ," ಅಂದರು. "ಸಂಗವ್ವಾ, ಇನ್ನೊಂದ ರೊಟ್ಟಿ ಹಾಕವಾ."